ಕುಡಿಯುವ ನೀರಿನ ಶುದ್ಧೀಕರಣ: ರೋಗವರಿತು ಮದ್ದು

(ಕನ್ನಡ ಕೂಟದ ಅತಿಥಿ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



 ವೈದ್ಯನೊಬ್ಬನನ್ನು ವೇದಿಕೆಗೆ ಕರೆದರೆ ಆತ ರಕ್ತದೊತ್ತಡ, ಮಧುಮೇಹ, ಕೊಬ್ಬು ಎಂದು ಮಾತು ತೆಗೆದು, ಆಮೇಲೆ ಬಡಿಸಲಿರುವ ಹೋಳಿಗೆಯ ರುಚಿಯನ್ನು ಕೆಡಿಸುತ್ತಾನೆ ಎಂಬ ಭಯ ಎಲ್ಲ ಸಭೆಗಳಲ್ಲಿಯೂ ಇರುತ್ತದೆ. ಇಂದು ಆ ಭಯ ಬೇಡ. ನಾನು ಆರಿಸಿಕೊಂಡಿರುವ ವಿಷಯ ನೀರು. ಅದರಲ್ಲಿಯೂ ಕುಡಿಯುವ ನೀರಿನ ಗುಣವನ್ನು ಉತ್ತಮಪಡಿಸುವ ವಿಧಾನಗಳು.

ಈ ವಿಷಯವನ್ನು ಆರಿಸಿಕೊಳ್ಳುವುದಕ್ಕೆ ಒಂದು ಕಾರಣವಿದೆ. ನಮ್ಮಲ್ಲಿ ಅನೇಕರು ಇಲ್ಲಿ ನೆಲೆ ನಿಂತ ಮೇಲೆ ಹುಟ್ಟಿದೂರಿಗೆ ಏನನ್ನಾದರೂ ಮಾಡಬೇಕೆಂದು ಹಂಬಲಿಸುತ್ತಾರೆ. ಹಿಂದೆ ಗುಡಿಯ ಜೀರ್ಣೋದ್ಧಾರಕ್ಕೋ ಶಾಲೆಯ ಕೊಠಡಿಗೋ ಹಣ ಕಳುಹಿಸುತ್ತಿದ್ದವರು ಈಗ "ಊರಿಗೊಂದು ನೀರಿನ ಯಂತ್ರ ಹಾಕಿಸಿಕೊಡೋಣ" ಎನ್ನುತ್ತಿದ್ದಾರೆ. ಉದ್ದೇಶ ಘನವಾದುದು. ಆದರೆ ಯಂತ್ರದ ಬೆಲೆ ಎಷ್ಟು, ಫಲಕದ ಮೇಲೆ ಯಾರ ಹೆಸರು ಎಂಬ ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಆ ಊರಿನ ನೀರಿಗೆ ಬಂದಿರುವ ದೋಷ ಯಾವುದು? ರೋಗಿಯನ್ನು ಪರೀಕ್ಷಿಸದೆ ಔಷಧ ಬರೆದುಕೊಡುವ ವೈದ್ಯನನ್ನು ನಾವು ನಂಬುವುದಿಲ್ಲ. ನೀರಿನ ವಿಷಯದಲ್ಲಿ ಮಾತ್ರ ಪರೀಕ್ಷೆಯಿಲ್ಲದೆ ಚಿಕಿತ್ಸೆಗೆ ಮುಂದಾಗುತ್ತೇವೆ. ಎಲ್ಲ ದೋಷಗಳನ್ನೂ ಕಳೆಯುವ ಒಂದೇ ವಿಧಾನ ಇಲ್ಲ. ಒಂದು ದೋಷಕ್ಕೆ ಮದ್ದಾದುದು ಇನ್ನೊಂದಕ್ಕೆ ನಿಷ್ಫಲವಾಗಬಹುದು, ಕೆಲವೊಮ್ಮೆ ಹಾನಿಕರವೂ ಆಗಬಹುದು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರಣೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮಗೆ ಗೊತ್ತು. ಹಾಗೆಯೇ ತಿಳಿಯಾಗಿರುವುದೆಲ್ಲ ಶುದ್ಧವಾದ ನೀರಲ್ಲ. ಕಣ್ಣು, ಮೂಗು, ನಾಲಗೆಗಳಿಗೆ ಗೊತ್ತಾಗದ ದೋಷಗಳೇ ಹೆಚ್ಚು ಅಪಾಯಕರ. ಅವುಗಳನ್ನು ಅನುಕೂಲಕ್ಕಾಗಿ ಮೂರು ಬಗೆಯಾಗಿ ವಿಂಗಡಿಸುತ್ತೇನೆ. ಮೊದಲನೆಯದು, ನೀರಿನಲ್ಲಿರುವ ರೋಗಾಣುಗಳು. ಎರಡನೆಯದು, ನೆಲದೊಳಗಿನ ಕಲ್ಲು ಮಣ್ಣುಗಳಿಂದ ನೀರಿನಲ್ಲಿ ಕರಗಿ ಬರುವ ಫ್ಲೋರೈಡ್, ಆರ್ಸೆನಿಕ್ ಮುಂತಾದ ವಸ್ತುಗಳು. ಮೂರನೆಯದು, ಶುದ್ಧವಾದ ನೀರು ನಮ್ಮ ಬಾಯಿಗೆ ಬರುವ ಮೊದಲು ದಾರಿಯಲ್ಲಿ ಸೇರಿಕೊಳ್ಳುವ ಕೊಳೆ.

ರೋಗಾಣುಗಳಿಂದ ಪ್ರಾರಂಭಿಸೋಣ. ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ಒಂದು ಬಗೆಯ ಕಾಮಾಲೆ ಇವೆಲ್ಲವೂ ಮನುಷ್ಯರ ಮಲ ನೀರಿಗೆ ಸೇರುವುದರಿಂದ ಹರಡುವ ಬೇನೆಗಳು. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಎದ್ದು ಆರುನೂರಕ್ಕೂ ಹೆಚ್ಚು ಜನರು ಸತ್ತಾಗ, ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ವಿಚಾರಿಸುತ್ತಾ ಹೋಗಿ, ಬಹುಪಾಲು ಜನ ಬ್ರಾಡ್ ಸ್ಟ್ರೀಟಿನ ಒಂದೇ ಕೈಪಂಪಿನ ನೀರು ಕುಡಿದವರೆಂದು ಕಂಡುಕೊಂಡರು. ಅವರ ಮಾತಿನ ಮೇಲೆ ಆ ಪಂಪಿನ ಹಿಡಿಯನ್ನು ಕಳಚಿಸಲಾಯಿತು. ಕಾಲರಾ ರೋಗಾಣುವನ್ನು ರಾಬರ್ಟ್ ಕಾಕ್ ಅವರು ಗುರುತಿಸಿ ಜಗತ್ತನ್ನು ಒಪ್ಪಿಸಿದ್ದು ಮೂವತ್ತು ವರ್ಷಗಳ ಅನಂತರ. ರೋಗಾಣುವಿನ ಹೆಸರು ತಿಳಿಯುವ ಮೊದಲೇ ದೋಷದ ಮೂಲವನ್ನು ಹುಡುಕಿದ್ದು ಸ್ನೋ ಅವರ ಹಿರಿಮೆ.

ನೀರನ್ನು ಸೋಸುವುದರಿಂದ ಏನಾಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿದ್ದು ಜರ್ಮನಿಯ ಹ್ಯಾಂಬರ್ಗ್. 1892ರಲ್ಲಿ ಅಲ್ಲಿ ಕಾಲರಾದಿಂದ ಎಂಟು ಸಾವಿರಕ್ಕೂ ಹೆಚ್ಚು ಜನರು ಮಡಿದರು. ಪಕ್ಕದಲ್ಲಿಯೇ ಅಂಟಿಕೊಂಡಿದ್ದ ಆಲ್ಟೋನಾ ಪಟ್ಟಣಕ್ಕೂ ಅದೇ ಎಲ್ಬ್ ನದಿಯ ನೀರು. ಅದೂ ಹ್ಯಾಂಬರ್ಗಿನ ಚರಂಡಿಗಳು ಸೇರಿದ ಮೇಲಿನ ನೀರು. ಆದರೆ ಆಲ್ಟೋನಾದವರು ಅದನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಕುಡಿಯುತ್ತಿದ್ದರು. ಹ್ಯಾಂಬರ್ಗಿನವರು ಸೋಸದೆ ಕುಡಿಯುತ್ತಿದ್ದರು. ಆಲ್ಟೋನಾ ಬಹುಮಟ್ಟಿಗೆ ಉಳಿದುಕೊಂಡಿತು. ಮರಳಿನ ಶೋಧಕ ಜರಡಿಯಂತೆ ಕೆಲಸ ಮಾಡುತ್ತದೆಂದು ನಾವು ಭಾವಿಸುತ್ತೇವೆ. ಅದು ಪೂರ್ತಿ ನಿಜವಲ್ಲ. ರೋಗಾಣುಗಳು ಮರಳಿನ ಸಂದುಗಳಿಗಿಂತ ಎಷ್ಟೋ ಸಣ್ಣವು. ಮರಳಿನ ಮೇಲ್ಪದರದಲ್ಲಿ ಕೆಲವು ದಿನಗಳಲ್ಲಿ ಪಾಚಿ, ಏಕಕೋಶ ಜೀವಿಗಳು, ನಿರುಪದ್ರವಿ ಸೂಕ್ಷ್ಮಾಣುಗಳು ಸೇರಿ ಒಂದು ಲೋಳೆಯ ಪೊರೆ ಕಟ್ಟಿಕೊಳ್ಳುತ್ತದೆ. ರೋಗಾಣುಗಳನ್ನು ಹಿಡಿದು ತಿಂದು ಮುಗಿಸುವ ಕೆಲಸದಲ್ಲಿ ದೊಡ್ಡ ಪಾಲು ಆ ಪೊರೆಯದು. ಆದುದರಿಂದಲೇ ನೀರನ್ನು ಅವಸರದಿಂದ ಹಾಯಿಸಬಾರದು; ಹೊಸದಾಗಿ ತೊಳೆದ ಮರಳು ಮೊದಲ ಕೆಲವು ದಿನ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ.

ಬಟ್ಟೆಯಲ್ಲಿ ಸೋಸುವ ನಮ್ಮ ಮನೆಗಳ ರೂಢಿಗೂ ವಿಜ್ಞಾನದ ಬೆಂಬಲ ದೊರಕಿದೆ. ಕಾಲರಾ ರೋಗಾಣುಗಳು ಕೆರೆ ಹೊಳೆಗಳಲ್ಲಿ ಅತಿ ಸಣ್ಣ ಜಲಚರಗಳಿಗೆ ಅಂಟಿಕೊಂಡಿರುತ್ತವೆ. ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸುವುದನ್ನು ಹೇಳಿಕೊಟ್ಟರು. ಕಾಲರಾ ಸುಮಾರು ಅರ್ಧದಷ್ಟು ಕಡಿಮೆಯಾಯಿತೆಂದು 2003ರಲ್ಲಿ ಪ್ರಕಟಿಸಿದರು. ನಮ್ಮ ನಾಡಿನದೇ ಒಂದು ಉದಾಹರಣೆ ನಾರುಹುಣ್ಣು. ಉತ್ತರ ಕರ್ನಾಟಕದ ಹಿರಿಯರಿಗೆ ಇದು ನೆನಪಿರಬಹುದು. ಕಾಲಿನ ಹುಣ್ಣಿನಿಂದ ದಾರದಂತಹ ಹುಳು ಹೊರಬರುತ್ತಿತ್ತು. ರೋಗಿ ಮೆಟ್ಟಿಲು ಬಾವಿಗೆ ಇಳಿದಾಗ ಹುಳುವಿನ ಮರಿಗಳು ನೀರಿಗೆ ಸೇರಿ, ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಚರದ ಹೊಟ್ಟೆ ಸೇರಿ, ಆ ನೀರು ಕುಡಿದವರ ದೇಹಕ್ಕೆ ಬರುತ್ತಿದ್ದವು. ಇದಕ್ಕೆ ಲಸಿಕೆ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿ, ಬಾವಿಯ ನೀರಿಗೆ ಸೈಕ್ಲಾಪ್ಸ್ ಕೊಲ್ಲುವ ಮದ್ದು ಹಾಕಿ, ಜನರಿಗೆ ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದ್ದರಿಂದ ರೋಗ ಅಳಿಯಿತು. ಭಾರತದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣಿನಿಂದ ಮುಕ್ತವೆಂದು ಘೋಷಿಸಿತು. ಆದರೆ ಗಮನಿಸಿ: ಬಟ್ಟೆ ಸೈಕ್ಲಾಪ್ಸನ್ನು ಹಿಡಿದೀತು, ಒಂಟಿಯಾಗಿ ತೇಲುವ ವಿಷಮಶೀತದ ರೋಗಾಣುವನ್ನಾಗಲಿ ಕಾಮಾಲೆಯ ವೈರಸ್ಸನ್ನಾಗಲಿ ಹಿಡಿಯಲಾರದು.

ಇನ್ನು ಕ್ಲೋರಿನ್. 1908ರಲ್ಲಿ ನ್ಯೂಜೆರ್ಸಿಯ ಜೆರ್ಸಿ ನಗರಕ್ಕೆ ನೀರು ಒದಗಿಸುತ್ತಿದ್ದ ಜಲಾಶಯದಲ್ಲಿ ಜಾನ್ ಲೀಲ್ ಎಂಬ ವೈದ್ಯರು ಚೆಲುವೆ ಪುಡಿಯ ದ್ರಾವಣವನ್ನು ಬೆರೆಸತೊಡಗಿದರು. ನೀರಿಗೆ ರಾಸಾಯನಿಕ ಹಾಕುವುದೇ ಎಂದು ಜನ ಬೆಚ್ಚಿದರು. ವ್ಯಾಜ್ಯ ನ್ಯಾಯಾಲಯದಲ್ಲಿ ನಡೆಯಿತು. ತೀರ್ಪು ಲೀಲ್ ಅವರ ವಿಧಾನದ ಪರವಾಗಿ ಬಂತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಅನೇಕ ನಗರಗಳು ಅದನ್ನೇ ಅನುಸರಿಸಿದವು. ಕ್ಲೋರಿನ್ನಿನ ಒಂದು ದೊಡ್ಡ ಗುಣವೆಂದರೆ, ರೋಗಾಣುಗಳನ್ನು ಕೊಂದ ಮೇಲೂ ಸ್ವಲ್ಪ ನೀರಿನಲ್ಲಿ ಉಳಿದು, ಮುಂದೆ ಸೇರಬಹುದಾದ ಕೊಳೆಯಿಂದಲೂ ಕಾಪಾಡುತ್ತದೆ. ಕುದಿಸಿದ ನೀರಿಗಾಗಲಿ ಅತಿನೇರಳೆ ದೀಪದಡಿ ಹಾಯ್ದ ನೀರಿಗಾಗಲಿ ಆ ರಕ್ಷಣೆ ಇಲ್ಲ.

ಭಾರತದಲ್ಲಿ ಎಂ.ಬಿ.ಬಿ.ಎಸ್. ಓದಿದ ವೈದ್ಯರು ಈ ಸಭೆಯಲ್ಲಿದ್ದರೆ ಹಾರಾಕ್ಸ್ ಉಪಕರಣವನ್ನು ಮರೆತಿರಲಾರರು. ಸಾಲಾಗಿ ಆರು ಬಿಳಿಯ ಬಟ್ಟಲುಗಳು, ಒಂದು ಕರಿಯ ಬಟ್ಟಲು, ಪುಟ್ಟ ಚಮಚಗಳು. ಬಾವಿಯ ನೀರಿಗೆ ಚೆಲುವೆ ಪುಡಿಯ ದ್ರಾವಣವನ್ನು ಒಂದು ಹನಿ, ಎರಡು ಹನಿ, ಮೂರು ಹನಿ ಎಂದು ಏರಿಸುತ್ತಾ ಹಾಕಿ, ಅರ್ಧ ಗಂಟೆ ಕಾದು, ಪಿಷ್ಟದ ಸೂಚಕ ಹನಿಸಿದರೆ ಒಂದು ಬಟ್ಟಲಿನಲ್ಲಿ ನೀಲಿ ಬಣ್ಣ ಮೂಡುತ್ತದೆ. ಮೊದಲು ನೀಲಿಯಾದ ಬಟ್ಟಲಿನ ಸಂಖ್ಯೆ ಎಷ್ಟೋ, 455 ಲೀಟರ್ ನೀರಿಗೆ ಎರಡು ಗ್ರಾಮಿನ ಅಷ್ಟು ಚಮಚ ಪುಡಿ ಬೇಕು. ಇದನ್ನೇಕೆ ಹೇಳಿದೆನೆಂದರೆ, ನೀರಿನಲ್ಲಿರುವ ಕೊಳೆ ಕ್ಲೋರಿನ್ನನ್ನು ನುಂಗಿಬಿಡುತ್ತದೆ. ಒಂದು ಬಾವಿಗೆ ಸಾಕಾದ ಪ್ರಮಾಣ ಪಕ್ಕದ ಬಾವಿಗೆ ಸಾಲದು. ಕ್ಲೋರಿನ್ ಎಷ್ಟು ಬೇಕೆಂಬುದನ್ನೂ ಆ ನೀರನ್ನೇ ಕೇಳಬೇಕು.

ಕ್ಲೋರಿನ್ನಿಗೂ ಮಿತಿಯಿದೆ. 1993ರಲ್ಲಿ ಇಲ್ಲಿಂದ ಸರೋವರದಾಚೆಯ ಮಿಲ್ವಾಕಿ ನಗರದಲ್ಲಿ ಸುಮಾರು ನಾಲ್ಕು ಲಕ್ಷ ಜನರು ಭೇದಿಯಿಂದ ನರಳಿದರೆಂಬ ಅಂದಾಜಿದೆ. ನೀರಿಗೆ ಕ್ಲೋರಿನ್ ಹಾಕಲಾಗಿತ್ತು. ಆದರೆ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರೋಪಜೀವಿಯ ಗಟ್ಟಿ ಕವಚದ ಮೇಲೆ ಕ್ಲೋರಿನ್ನಿನ ಆಟ ನಡೆಯದು. ಅದನ್ನು ತಡೆಯಬೇಕಾಗಿದ್ದ ಶೋಧನ ಕ್ರಿಯೆ ಆಗ ಸರಿಯಾಗಿ ನಡೆದಿರಲಿಲ್ಲ. ಕುದಿಸಿದರೆ ಆ ಜೀವಿ ಸಾಯುತ್ತದೆ. ನೀರು ಕೊತಕೊತನೆ ಒಂದು ನಿಮಿಷ ಕುದಿದರೆ ಸಾಕು. ಎತ್ತರದ ಬೆಟ್ಟ ಪ್ರದೇಶಗಳಲ್ಲಿ ಮೂರು ನಿಮಿಷ. ಸೌದೆಗೂ ಅನಿಲಕ್ಕೂ ಕಷ್ಟವಿರುವ ಕಡೆ ತಿಳಿನೀರನ್ನು ಪಾರದರ್ಶಕ ಪ್ಲಾಸ್ಟಿಕ್ ಸೀಸೆಗಳಲ್ಲಿ ತುಂಬಿ ಆರು ಗಂಟೆಗಳ ಕಾಲ ಬಿರುಬಿಸಿಲಿನಲ್ಲಿಡುವ ವಿಧಾನವೂ ಇದೆ. ಮೋಡ ಕವಿದಿದ್ದರೆ ಎರಡು ದಿನ ಬೇಕು. ನಮ್ಮ ತಾಮ್ರದ ಬಿಂದಿಗೆಗೂ ಒಂದು ಮಾತು ಸಲ್ಲಬೇಕು. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾಗಳು ತಾಮ್ರದ ಪಾತ್ರೆಯಲ್ಲಿ ಹದಿನಾರು ಗಂಟೆಗಳಿದ್ದ ನೀರಿನಲ್ಲಿ ಪತ್ತೆಯಾಗದಷ್ಟು ನಶಿಸಿದ್ದವು. ಅಜ್ಜಿಯ ಬಿಂದಿಗೆಯನ್ನು ಗೌರವಿಸೋಣ; ಆದರೆ ಅದು ಎಲ್ಲ ದೋಷಗಳನ್ನೂ ಕಳೆಯುತ್ತದೆಂದು ನಂಬುವುದು ಬೇಡ.

ಏಕೆಂದರೆ ಎರಡನೆಯ ಬಗೆಯ ದೋಷ, ಕರಗಿದ ವಸ್ತುಗಳದು, ಇದಕ್ಕೆಲ್ಲ ಜಗ್ಗುವುದಿಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ತಾಲ್ಲೂಕುಗಳ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಗ್ರಾನೈಟ್ ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು, ಅದರಲ್ಲಿಯೂ ಕ್ಷಾರಗುಣ ಹೆಚ್ಚಾಗಿ ಸುಣ್ಣದ ಅಂಶ ಕಡಿಮೆಯಿರುವ ನೀರು, ಬಂಡೆಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಭಾರತದ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದರೆ ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ, ಕತ್ತು ತಿರುಗದಂತಾಗುತ್ತದೆ. ಒಮ್ಮೆ ಬಾಗಿದ ಬೆನ್ನನ್ನು ನೆಟ್ಟಗೆ ಮಾಡುವ ಔಷಧ ನನ್ನ ಚೀಲದಲ್ಲಿಲ್ಲ; ಯಾವ ವೈದ್ಯರ ಚೀಲದಲ್ಲಿಯೂ ಇಲ್ಲ. ದಕ್ಷಿಣ ಭಾರತದಲ್ಲಿ ಈ ಬೇನೆಯನ್ನು ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿ ಮಾಡಿದ್ದು 1937ರಲ್ಲಿ. ಎಂಬತ್ತು ವರ್ಷಗಳು ಕಳೆದು ಹೋದರೂ ಅದು ನಮ್ಮ ನಡುವೆ ಇದೆ.

ಇಲ್ಲೊಂದು ವಿಚಿತ್ರವನ್ನು ನೋಡಿ. ನಾವು ಸೇರಿರುವ ಇದೇ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ, ಹಲ್ಲು ಹುಳುಕಾಗದಿರಲೆಂದು ಕುಡಿಯುವ ನೀರಿಗೆ ಫ್ಲೋರೈಡ್ ಸೇರಿಸಿದ ಜಗತ್ತಿನ ಮೊದಲ ನಗರ. ಅದು 1945ರ ಮಾತು. ಈಗ ಈ ದೇಶದಲ್ಲಿ ಸೂಚಿಸಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ಇದರ ಬಗೆಗೂ ವಾದವಿದೆ. 2025ರಲ್ಲಿ ಯೂಟಾ ಮತ್ತು ಫ್ಲಾರಿಡಾ ರಾಜ್ಯಗಳು ಸೇರಿಸುವುದನ್ನೇ ನಿಷೇಧಿಸಿದವು. ಆ ವಾದ ಇಂದು ನಮಗೆ ಬೇಡ. ಒಂದೇ ವಸ್ತುವನ್ನು ಇಲ್ಲಿ ಅಳೆದು ಸೇರಿಸುತ್ತಾರೆ, ಅಲ್ಲಿ ಹೆಣಗಾಡಿ ತೆಗೆಯುತ್ತಾರೆ. ನೀರನ್ನು ಉತ್ತಮಪಡಿಸುವುದೆಂದರೆ ಏನೆಂಬುದು ಆಯಾ ನೀರನ್ನು ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಫ್ಲೋರೈಡ್ ಇರುವ ನೀರನ್ನು ಕುದಿಸಿದರೆ ಏನಾಗುತ್ತದೆ? ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿಯುತ್ತದೆ, ಪ್ರಮಾಣ ಏರುತ್ತದೆ. ಕ್ಲೋರಿನ್ನಿಗೆ ಅದರ ಮೇಲೆ ಅಧಿಕಾರವಿಲ್ಲ; ಬಟ್ಟೆ, ತಾಮ್ರ, ಬಿಸಿಲುಗಳಿಗೂ ಇಲ್ಲ. ಇದಕ್ಕೆ ಬೇರೆಯೇ ವಿಧಾನಗಳು ಬೇಕು. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲಗೊಂಡ ವಿಧಾನದಲ್ಲಿ ನೀರಿಗೆ ಸುಣ್ಣ, ಪಟಿಕ ಮತ್ತು ಚೆಲುವೆ ಪುಡಿ ಬೆರೆಸಿ, ಕಲಕಿ, ತಳಿಯಲು ಬಿಡುತ್ತಾರೆ. ಫ್ಲೋರೈಡ್ ಗಸಿಯೊಡನೆ ಕೆಳಗಿಳಿಯುತ್ತದೆ. ವೆಚ್ಚ ಕಡಿಮೆ. ಆದರೆ ಅಳತೆ ತಪ್ಪಿದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಗಸಿಯನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆಯೂ ಇದೆ. ಎರಡನೆಯ ವಿಧಾನ, ಕ್ರಿಯಾಶೀಲ ಅಲ್ಯೂಮಿನಾದ ಹರಳುಗಳ ಮೂಲಕ ನೀರನ್ನು ಹಾಯಿಸುವುದು. ಹರಳುಗಳು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವು ತುಂಬಿಹೋದ ಮೇಲೂ ನಲ್ಲಿಯಿಂದ ನೀರು ಎಂದಿನಂತೆ ತಿಳಿಯಾಗಿ ಬರುತ್ತಲೇ ಇರುತ್ತದೆ. ಬಣ್ಣ ಬದಲಾಗದು, ರುಚಿ ಬದಲಾಗದು. ಹರಳುಗಳನ್ನು ಕ್ಷಾರದಿಂದಲೂ ಆಮ್ಲದಿಂದಲೂ ತೊಳೆದು ಹೊಸದಾಗಿಸದಿದ್ದರೆ ಜನ ಶೋಧಕದ ಮುಂದೆಯೇ ನಿಂತು ವಿಷ ತುಂಬಿಸಿಕೊಂಡು ಹೋಗುತ್ತಾರೆ.

ಮೂರನೆಯದು ಎಲ್ಲರ ಬಾಯಲ್ಲಿರುವ ಆರ್.ಓ. 1960ರ ಆಸುಪಾಸಿನಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ ಅವರು ಉಪಯುಕ್ತವಾದ ಪೊರೆಯನ್ನು ತಯಾರಿಸಿದ್ದರಿಂದ ಇದು ಸಾಧ್ಯವಾಯಿತು. ನೀರನ್ನು ಒತ್ತಡದಿಂದ ಅತಿ ಸೂಕ್ಷ್ಮವಾದ ಪೊರೆಯ ಮೂಲಕ ತಳ್ಳಿದರೆ ಲವಣಗಳು ಹಿಂದೆ ಉಳಿಯುತ್ತವೆ. ಫ್ಲೋರೈಡನ್ನೂ ಇದು ಬಹುಪಾಲು ತೆಗೆಯುತ್ತದೆ. ಕರ್ನಾಟಕದ ಸಾವಿರಾರು ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಕ್ಯಾನು ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳು ಈ ತತ್ತ್ವದವೇ. ಆದರೆ ಈ ಯಂತ್ರ ಕೊಟ್ಟಷ್ಟನ್ನೂ ಹಿಂದಿರುಗಿಸುವುದಿಲ್ಲ. ದೊಡ್ಡ ಪಾಲು ನೀರು ಲವಣ ಹೆಚ್ಚಿಸಿಕೊಂಡು ತ್ಯಾಜ್ಯವಾಗಿ ಹೊರಹೋಗುತ್ತದೆ. ಮನೆಯ ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ ಶುದ್ಧ ನೀರಿಗಿಂತ ತ್ಯಾಜ್ಯವೇ ಹೆಚ್ಚು. ಸಾವಿರ ಅಡಿಯಿಂದ ಎತ್ತಿದ ನೀರಿನ ಅರ್ಧವನ್ನು ಚರಂಡಿಗೆ ಬಿಟ್ಟರೆ, ಫ್ಲೋರೈಡ್ ಹೆಚ್ಚಿದ ಆ ನೀರು ಅದೇ ನೆಲಕ್ಕೆ ಇಂಗುತ್ತದೆ. ಪೊರೆ ಹಳತಾದಾಗ ಬದಲಿಸುವವರಿಲ್ಲದೆ, ವಿದ್ಯುತ್ ಇಲ್ಲದೆ, ಅನೇಕ ಘಟಕಗಳು ಬೀಗ ಹಾಕಿಕೊಂಡು ನಿಂತಿವೆ. ನೀರಿನಲ್ಲಿ ರೋಗಾಣುವಿನ ದೋಷ ಮಾತ್ರ ಇದ್ದು ಲವಣದ ದೋಷ ಇಲ್ಲದ ಊರಿಗೆ ಆರ್.ಓ. ಹಾಕಿಸುವುದು ನೆಗಡಿಗೆ ಶಸ್ತ್ರಚಿಕಿತ್ಸೆ ಮಾಡಿದಂತೆ.

ನಾಲ್ಕನೆಯದು ತೀರ ಹಳೆಯ ವಿಧಾನ: ಮಳೆ. ಮಳೆಯ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಒಂದು ಲೆಕ್ಕ ನೋಡೋಣ. ಸಾವಿರ ಚದರಡಿಯ ತಾರಸಿಯ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಐದರಲ್ಲೊಂದು ಪಾಲು ಪೋಲಾದರೂ ಸುಮಾರು 37,000 ಲೀಟರ್ ನೀರು ದೊರೆಯುತ್ತದೆ. ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ ತಲೆಗೆ ಐದು ಲೀಟರ್ ಎಂದರೆ, ಐವರ ಸಂಸಾರಕ್ಕೆ ವರ್ಷಕ್ಕೆ ಬೇಕಾದುದು ಸುಮಾರು 9,000 ಲೀಟರ್. ಅಂದರೆ ಬರದ ನಾಡೆನಿಸಿದ ಕಡೆಯಲ್ಲಿಯೂ ನಾಲ್ಕರಲ್ಲೊಂದು ಭಾಗ ತಾರಸಿ ಸಾಕು. ಬೇಕಾದುದು ನೀರನ್ನು ಬೇಸಗೆಯವರೆಗೆ ಕಾಪಾಡುವ ಮುಚ್ಚಿದ ತೊಟ್ಟಿ. ಚಿತ್ರದುರ್ಗದ ಕೋಟೆಯ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡಗಳನ್ನು ನೋಡಿದವರಿಗೆ ಬಂಡೆಯ ಮೇಲೆ ಬಿದ್ದ ಮಳೆಯನ್ನು ಕೂಡಿಡುವ ಜಾಣ್ಮೆ ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಹೇಳಬೇಕಾಗಿಲ್ಲ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ನೀರಿಗೆ ಸಮಪಾಲು ಮಳೆನೀರನ್ನು ಬೆರೆಸಿದರೆ ಅದು 1 ಮಿಲಿಗ್ರಾಮಿಗೆ ಇಳಿಯುತ್ತದೆ. ಇದು ಕೂಡ ಶುದ್ಧೀಕರಣವೇ. ಮೊದಲ ಮಳೆಯ ಕೊಳೆನೀರನ್ನು ಹೊರಬಿಡಬೇಕು, ಹಕ್ಕಿಯ ಹಿಕ್ಕೆ ಸೇರುವುದರಿಂದ ಕುಡಿಯುವ ಮುನ್ನ ಕುದಿಸಬೇಕು ಅಥವಾ ಕ್ಲೋರಿನ್ ಹಾಕಬೇಕು ಎಂಬುದನ್ನು ಮರೆಯಬಾರದು.

ಒಳ್ಳೆಯ ಮನಸ್ಸಿನಿಂದ ಮಾಡಿದ ನೀರಿನ ದಾನ ಪರೀಕ್ಷೆಯಿಲ್ಲದೆ ಏನಾಗಬಹುದೆಂಬುದಕ್ಕೆ ಬಾಂಗ್ಲಾದೇಶ ನಿದರ್ಶನ. ಕೆರೆಯ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಿದ್ದಾಗ, 1970ರ ದಶಕದಿಂದ ಅಂತಾರಾಷ್ಟ್ರೀಯ ನೆರವಿನಿಂದ ಲಕ್ಷಾಂತರ ಕೊಳವೆ ಬಾವಿಗಳನ್ನು ತೋಡಲಾಯಿತು. ರೋಗಾಣುಗಳ ದೋಷ ನಿವಾರಣೆಯಾಯಿತು. ಆದರೆ ಆ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ಯಾರೂ ನೋಡಿರಲಿಲ್ಲ. ಆಗ ಆ ಪರೀಕ್ಷೆ ರೂಢಿಯಲ್ಲಿರಲಿಲ್ಲ. ಪಶ್ಚಿಮ ಬಂಗಾಳದಲ್ಲಿ 1980ರ ದಶಕದಲ್ಲಿ ಕೊಲ್ಕತ್ತದ ಚರ್ಮವೈದ್ಯರೊಬ್ಬರ ಬಳಿಗೆ ಬಂದ ರೋಗಿಗಳ ಅಂಗೈ ಅಂಗಾಲುಗಳ ಗಂಟುಗಳಿಂದ ವಿಷಯ ಹೊರಬಿತ್ತು. ಬಾಂಗ್ಲಾದೇಶದಲ್ಲಿ ಅದು 1993ರಲ್ಲಿ ಗೊತ್ತಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನ, 3.5 ಕೋಟಿಯಿಂದ 7.7 ಕೋಟಿ ಜನರು ಅಪಾಯದಲ್ಲಿದ್ದಾರೆಂದು ಅಂದಾಜು ಮಾಡಿತು. ಅನಂತರ ಬಾವಿಗಳನ್ನು ಪರೀಕ್ಷಿಸಿ, ವಿಷವಿದ್ದವುಗಳಿಗೆ ಕೆಂಪು ಬಣ್ಣ, ಇಲ್ಲದವುಗಳಿಗೆ ಹಸಿರು ಬಣ್ಣ ಬಳಿದರು. ಆ ಬಾವಿಗಳಿಂದ ಎಷ್ಟೋ ಮಕ್ಕಳು ಭೇದಿಯಿಂದ ಉಳಿದಿರಬಹುದು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಆ ಬಣ್ಣವನ್ನು ಬಾವಿ ತೋಡಿದ ದಿನವೇ ಬಳಿಯುವಂತಿದ್ದಿದ್ದರೆ!

ಮೂರನೆಯ ಬಗೆಯ ದೋಷ ದಾರಿಯಲ್ಲಿ ಸೇರುವಂಥದು. ನಮ್ಮ ನೆರೆಯ ಫ್ಲಿಂಟ್ ನಗರದ ಕಥೆ ನಿಮಗೆಲ್ಲ ಗೊತ್ತು. 2014ರ ಏಪ್ರಿಲ್‌ನಲ್ಲಿ ಹಣ ಉಳಿಸಲೆಂದು ಡೆಟ್ರಾಯಿಟ್‌ನ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರನ್ನು ಕೊಳವೆಗಳಿಗೆ ಬಿಟ್ಟರು. ಕೊಳವೆಯನ್ನು ಸವೆತದಿಂದ ಕಾಪಾಡುವ ರಾಸಾಯನಿಕವನ್ನು ಸೇರಿಸಲಿಲ್ಲ. ಹಳೆಯ ಸೀಸದ ಕೊಳವೆಗಳಿಂದ ಸೀಸ ನೀರಿಗೆ ಇಳಿಯಿತು. ಆ ವರ್ಷದ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ನೀರಿನಲ್ಲಿ ಬ್ಯಾಕ್ಟೀರಿಯಾ ಕಂಡುಬಂದಾಗ ಕುದಿಸಿ ಕುಡಿಯಿರೆಂದು ಜನರಿಗೆ ತಿಳಿಸಲಾಯಿತು. ಬ್ಯಾಕ್ಟೀರಿಯಾಗಳಿಗೆ ಅದು ಸರಿಯಾದ ಮದ್ದು; ಆದರೆ ಕುದಿಸಿದರೆ ಸೀಸ ಹೋಗುವುದಿಲ್ಲ. ನೀರಿಗೆ ಕ್ಲೋರಿನ್ ಹೆಚ್ಚಿಸಿದರು. ಅದರಿಂದ ಹುಟ್ಟುವ ಉಪವಸ್ತುಗಳು ಮಿತಿ ಮೀರಿದವು. 2015ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ ಅಟೀಶಾ ಅವರು ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು ಬಹಿರಂಗಪಡಿಸಿದ ಮೇಲೆ ಅಕ್ಟೋಬರ್‌ನಲ್ಲಿ ಹಳೆಯ ನೀರಿಗೆ ಮರಳಿದರು. ಜಗತ್ತಿನ ಶ್ರೀಮಂತ ದೇಶದಲ್ಲಿಯೂ ಒಂದು ದೋಷಕ್ಕೆ ಮದ್ದು ಕೊಡುತ್ತಾ ಇನ್ನೊಂದನ್ನು ಕಾಣದೆ ಹೋಗಬಹುದು.

ನಮ್ಮ ನಾಡಿನ ಪಟ್ಟಣಗಳಲ್ಲಿ ಈ ದೋಷಕ್ಕೆ ಮುಖ್ಯ ಕಾರಣ, ನಲ್ಲಿಯಲ್ಲಿ ನೀರು ದಿನವಿಡೀ ಬಾರದಿರುವುದು. ನೀರು ನಿಂತಾಗ ಕೊಳವೆಯೊಳಗೆ ಒತ್ತಡವಿಲ್ಲದೆ, ಬಿರುಕುಗಳ ಮೂಲಕ ಪಕ್ಕದ ಚರಂಡಿಯ ನೀರು ಒಳಸೇರುತ್ತದೆ. ಹುಬ್ಬಳ್ಳಿ ಧಾರವಾಡದ ಕೆಲವು ಬಡಾವಣೆಗಳಲ್ಲಿ 2008ರಿಂದ ಇಪ್ಪತ್ತನಾಲ್ಕು ಗಂಟೆ ನೀರು ಬಿಡಲಾಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ನಲ್ಲಿಗಳನ್ನೂ ಕೆಲವು ದಿನಗಳಿಗೊಮ್ಮೆ ನೀರು ಬರುವ ನಲ್ಲಿಗಳನ್ನೂ ಹೋಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಂತು ನಿಂತು ಬರುವ ನೀರಿನಲ್ಲಿ ಮಲಸೂಚಕ ಬ್ಯಾಕ್ಟೀರಿಯಾಗಳು ಬಹಳ ಹೆಚ್ಚಾಗಿ ಕಂಡುಬಂದವು. ಅಂದರೆ ಕೊಳವೆಯನ್ನು ಸದಾ ತುಂಬಿಟ್ಟಿರುವುದೇ ಒಂದು ಶುದ್ಧೀಕರಣ ವಿಧಾನ. 2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತವಾದ ನೀರು ಕುಡಿದು ಜನರು ಪ್ರಾಣ ಕಳೆದುಕೊಂಡರು. ಇವು ಹಳೆಯ ಕಾಲದ ಸುದ್ದಿಗಳಲ್ಲ. ಮನೆಯೊಳಗೆ ಬಂದ ಮೇಲೂ ದಾರಿ ಮುಗಿಯುವುದಿಲ್ಲ. ಬಾಯಿ ತೆರೆದ ಕೊಡಕ್ಕೆ ಲೋಟವನ್ನು ಕೈಸಮೇತ ಅದ್ದಿದರೆ ಅಷ್ಟು ಹೊತ್ತಿನ ಶ್ರಮವೆಲ್ಲ ವ್ಯರ್ಥ. ಹಿಡಿಯಿರುವ ಸೌಟು, ಮುಚ್ಚಳ, ನಲ್ಲಿಯುಳ್ಳ ಪಾತ್ರೆ ಇವು ಬಹಳ ಅಗ್ಗದ ಔಷಧಗಳು.

ಹಾಗಾದರೆ ಊರಿಗೆ ಹಣ ಕಳುಹಿಸುವವರು ಏನು ಮಾಡಬೇಕು? ನನ್ನ ಸಲಹೆಗಳು ಇವು. ಮೊದಲ ನೂರು ಡಾಲರುಗಳನ್ನು ಯಂತ್ರಕ್ಕಲ್ಲ, ನೀರಿನ ಪರೀಕ್ಷೆಗೆ ಕಳುಹಿಸಿ. ಜಿಲ್ಲಾ ಮಟ್ಟದ ಪ್ರಯೋಗಾಲಯಗಳಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ, ಒಟ್ಟು ಕರಗಿದ ಲವಣ ಮತ್ತು ಮಲಸೂಚಕ ಬ್ಯಾಕ್ಟೀರಿಯಾಗಳನ್ನು ನೋಡುತ್ತಾರೆ; ಹಟ್ಟಿ ಚಿನ್ನದ ಗಣಿಯ ಸುತ್ತಮುತ್ತಲಿನಂತಹ ಪ್ರದೇಶವಾದರೆ ಆರ್ಸೆನಿಕ್ಕನ್ನೂ ನೋಡಿಸಿ. ಬೇಸಗೆಯಲ್ಲೊಮ್ಮೆ, ಮಳೆಗಾಲದ ಅನಂತರ ಒಮ್ಮೆ ಪರೀಕ್ಷಿಸಬೇಕು. ನೀರು ಋತುವಿನೊಡನೆ ಬದಲಾಗುತ್ತದೆ. ಎರಡನೆಯದಾಗಿ, ದೋಷವಿಲ್ಲದ ಬೇರೆ ಮೂಲ ಹತ್ತಿರದಲ್ಲಿದೆಯೇ ಎಂದು ಕೇಳಿ. ಹೂಳು ತುಂಬಿದ ಹಳೆಯ ತೆರೆದ ಬಾವಿ, ಶಾಲೆಯ ತಾರಸಿ, ಎಲ್ಲವೂ ಮೂಲಗಳೇ. ದೋಷವನ್ನು ತೆಗೆಯುವುದಕ್ಕಿಂತ ದೋಷವಿಲ್ಲದ ನೀರನ್ನು ಹುಡುಕುವುದು ಅಗ್ಗ. ಮೂರನೆಯದಾಗಿ, ಯಂತ್ರವೇ ಬೇಕೆಂದಾದರೆ ಅದನ್ನು ನೋಡಿಕೊಳ್ಳುವವರು ಯಾರು, ಅವರ ಸಂಬಳ ಎಲ್ಲಿಂದ, ಪೊರೆ ಅಥವಾ ಹರಳು ಬದಲಿಸುವ ಹಣ ಎಲ್ಲಿಂದ, ತ್ಯಾಜ್ಯ ನೀರು ಎಲ್ಲಿಗೆ ಎಂದು ಲಿಖಿತವಾಗಿ ಕೇಳಿ. ನಾಲ್ಕನೆಯದಾಗಿ, ಉದ್ಘಾಟನೆಯ ಖರ್ಚನ್ನು ಮರುವರ್ಷದ ಪರೀಕ್ಷೆಗೆ ಎತ್ತಿಡಿ. ಒಳಬರುವ ನೀರಿನ ವರದಿಯ ಜೊತೆಗೆ ಹೊರಬರುವ ನೀರಿನ ವರದಿಯೂ ಬಂದಾಗಲೇ ನಿಮ್ಮ ದಾನ ಮುಟ್ಟಿದಂತೆ.

ನಮ್ಮ ನಮ್ಮ ಮನೆಗಳಿಗೂ ಎರಡು ಮಾತು. ಪಟ್ಟಣದಿಂದ ದೂರ ಮನೆ ಕೊಂಡು ಸ್ವಂತ ಬಾವಿಯ ನೀರು ಕುಡಿಯುವವರು ಈ ಸಭೆಯಲ್ಲಿದ್ದೀರಿ. ಈ ದೇಶದ ಕುಡಿಯುವ ನೀರಿನ ಕಾನೂನು ಖಾಸಗಿ ಬಾವಿಗಳಿಗೆ ಅನ್ವಯಿಸುವುದಿಲ್ಲ. ಹೊಣೆ ಮನೆಯ ಯಜಮಾನರದೇ. ಆಗ್ನೇಯ ಮಿಷಿಗನ್ನಿನ ಹಲವು ಬಾವಿಗಳಲ್ಲಿ ಆರ್ಸೆನಿಕ್ ಇದೆ. ವರ್ಷಕ್ಕೊಮ್ಮೆ ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್ ಪರೀಕ್ಷೆ, ಒಮ್ಮೆಯಾದರೂ ಆರ್ಸೆನಿಕ್ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಹಸುಗೂಸಿದ್ದರೆ ಇದು ಇನ್ನೂ ಅಗತ್ಯ. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಪುಡಿಹಾಲು ಕಲಸಿದರೆ ಮಗುವಿನ ರಕ್ತ ಆಮ್ಲಜನಕವನ್ನು ಸರಿಯಾಗಿ ಒಯ್ಯಲಾರದೆ ಮೈ ನೀಲಿಗಟ್ಟಬಹುದು, ಕುದಿಸಿದರೆ ನೈಟ್ರೇಟ್ ಇನ್ನೂ ಏರುತ್ತದೆ. ಹಳೆಯ ಬಡಾವಣೆಗಳಲ್ಲಿರುವವರು ಅಡುಗೆಗೆ ತಣ್ಣೀರಿನ ನಲ್ಲಿಯನ್ನೇ ಬಳಸಿ. ಬಿಸಿನೀರು ಸೀಸವನ್ನು ಹೆಚ್ಚು ಕರಗಿಸುತ್ತದೆ. ಶೋಧಕ ಕೊಳ್ಳುವಾಗ ಸೀಸವನ್ನು ತೆಗೆಯುತ್ತದೆಂಬ ಪ್ರಮಾಣಪತ್ರ ಇದೆಯೇ ನೋಡಿ. ಇನ್ನು ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ಹೊಟ್ಟೆ ಕೆಟ್ಟರೆ "ನೀರು ಒಗ್ಗಲಿಲ್ಲ" ಎನ್ನುತ್ತೇವೆ. ಬಹಳ ಸಲ ಒಗ್ಗದಿರುವುದು ನೀರಲ್ಲ, ಅದರೊಳಗಿನ ರೋಗಾಣು. ಅಲ್ಲಿ ಕುದಿಸಿದ ನೀರು ಸಾಕು. ಆದರೆ ಅದೇ ಮನೆಯಲ್ಲಿ ವರ್ಷವಿಡೀ ಕೊಳವೆ ಬಾವಿಯ ನೀರು ಕುಡಿಯುವ ತಂದೆ ತಾಯಿಗಳ ಮಂಡಿನೋವನ್ನು ವಯಸ್ಸಿನದೆಂದು ಬಿಟ್ಟುಬಿಡುವ ಮುನ್ನ, ಒಂದು ಸೀಸೆ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಬನ್ನಿ.

ಸ್ನೋ ಅವರಿಗೆ ರೋಗಾಣುವಿನ ಹೆಸರು ಗೊತ್ತಿರಲಿಲ್ಲ. ಇಂದು ನಮಗೆ ಪ್ರತಿಯೊಂದು ದೋಷದ ಹೆಸರೂ ಗೊತ್ತು, ಮದ್ದೂ ಗೊತ್ತು. ಅವರು ಮನೆಮನೆಗೆ ಹೋಗಿ ಕೇಳಿದ ಪ್ರಶ್ನೆಯನ್ನು ಮಾತ್ರ ನಾವು ಕೇಳುವುದನ್ನು ಬಿಟ್ಟಿದ್ದೇವೆ. ನಿಮ್ಮ ಊರಿನ ನೀರಿನಲ್ಲಿ ಏನಿದೆ? ಮುಂದಿನ ಬಾರಿ ದೂರವಾಣಿಯಲ್ಲಿ ಊರಿನವರೊಡನೆ ಮಾತನಾಡುವಾಗ ಮಳೆ ಬೆಳೆಗಳನ್ನು ವಿಚಾರಿಸುವ ಜೊತೆಗೆ ಇದನ್ನೂ ವಿಚಾರಿಸಿ. ಉತ್ತರ ಬಂದ ಮೇಲೆ ಯಂತ್ರದ ಮಾತು.